ಬಿರಡೆ ತೆಗೆಯದೆ ಬರೆದ ವರದಿ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ ಹೆಂಗಸರ ಮೂತ್ರವನ್ನು ಪರೀಕ್ಷಿಸದೆಯೇ ವರದಿ ಬರೆಯುತ್ತಾರೆಂದು ನನಗೆ ಅನುಮಾನ. ಅನುಮಾನವೆಂಬುದು ಮರ್ಯಾದೆಗೆ ಬಳಸಿದ ಮಾತು. ನಡೆದದ್ದನ್ನು ಓದಿ, ಅದಕ್ಕೆ ತಕ್ಕ ಹೆಸರನ್ನು ತಾವೇ ಇಡಿ.

ನನ್ನ ಅಕ್ಕ ಮುನಿವೆಂಕಟಮ್ಮ ಉತ್ತರಹಳ್ಳಿಯವಳು. ಕಳೆದ ಜೂನ್‌ನಲ್ಲಿ, ಈ ೧೯೬೨ರ ಮಳೆ ಹಿಡಿಯುವ ಮುಂಚೆ, ಉರಿಮೂತ್ರ ತಾಳಲಾರದೆ ಜಯನಗರದ ನಮ್ಮ ಮನೆಗೆ ಬಂದಳು. ಗಂಡನಿಗೂ ಹೇಳಿರಲಿಲ್ಲ. ನಾನೇ ಬಲವಂತ ಮಾಡಿ ನಿಮ್ಮಲ್ಲಿಗೆ ಕರೆತಂದೆ. ಪರೀಕ್ಷೆಯ ಕೋಣೆಯವರು ಸೀಸೆ ಇಸಿದುಕೊಂಡು ಹತ್ತೇ ನಿಮಿಷದಲ್ಲಿ "ದೋಷವಿಲ್ಲ" ಎಂಬ ಚೀಟಿ ಕೊಟ್ಟರು. "ಹೆಂಗಸರಿಗೆ ಇದೆಲ್ಲ ಇದ್ದದ್ದೇ ಕಣ್ರಮ್ಮ, ನೀರು ಜಾಸ್ತಿ ಕುಡೀರಿ" ಎಂದು ಉಪದೇಶವೂ ಆಯಿತು. ಸರ್ಕಾರದ ಬೇರೆ ಯಾವ ಕಚೇರಿಯಲ್ಲಿ ಇಷ್ಟು ಚುರುಕಾಗಿ ಕಾಗದ ಕೈಸೇರುತ್ತದೆ, ಹೇಳಿ?

ಶಾಲೆಯಲ್ಲಿ ಪಾಠ ಹೇಳುವ ನಾನು ಬರಹವನ್ನು ನಂಬುವವಳು. "ಪರೀಕ್ಷೇಲೇ ಏನೂ ಇಲ್ಲ ಅಂತ ಬಂದಿದೆ. ಸುಮ್ನೆ ಇಲ್ಲದ್ದು ಹಚ್ಕೋಬೇಡ" ಎಂದು ಅಕ್ಕನನ್ನು ಗದರಿದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಬಚ್ಚಲಿನಲ್ಲಿ ಗೋಡೆ ಹಿಡಿದು ನಿಂತಿರುತ್ತಿದ್ದಳು. ಮೂರನೆಯ ವಾರ ಚಳಿಜ್ವರ ಬಂತು, ಸೊಂಟದ ಮೇಲೆ ಕೈಯಿಡಗೊಡಲಿಲ್ಲ.

ಪುನಃ ನಿಮ್ಮಲ್ಲಿಗೇ ಬಂದೆವು. ಸಾಲಿನಲ್ಲಿ ನಮ್ಮ ಮುಂದಿದ್ದ ಮೂವರಿಗೂ ಅದೇ "ದೋಷವಿಲ್ಲ", ಅದೇ ಮಸಿ. ನನಗೆ ಏಕೋ ಸರಿಕಾಣಲಿಲ್ಲ. ಅಕ್ಕನ ಸೀಸೆಯ ಬಿರಡೆಗೆ ದಾರ ಸುತ್ತಿ, ಮೂರು ಗಂಟು ಬಿಗಿದು ಕೊಟ್ಟೆ. ಚೀಟಿ ಬಂತು: ದೋಷವಿಲ್ಲ. "ಸೀಸೆ ವಾಪಸ್ ಕೊಡಿ" ಎಂದೆ. ಗೊಣಗುತ್ತಾ ಕೊಟ್ಟರು. ನನ್ನ ಗಂಟುಗಳು ಹಾಗೆಯೇ ಇದ್ದವು. ಬಿರಡೆ ತೆಗೆಯದೆ ಒಳಗಿನದನ್ನು ಕಾಣುವ ಯಂತ್ರ ತಮ್ಮಲ್ಲಿದೆಯೇ?

ಅಲ್ಲಿಂದ ನೇರ ಬಸವನಗುಡಿಯ ಒಬ್ಬ ಲೇಡಿ ಡಾಕ್ಟರ ಬಳಿಗೆ ಹೋದೆವು. ಅವರು ಕುದಿಸಿದ ಸೀಸೆಯಲ್ಲಿ ಹೊಸದಾಗಿ ಮೂತ್ರ ಹಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ತುಂಬ ಕೀವು. ಸೋಂಕು ಮೂತ್ರಪಿಂಡದವರೆಗೆ ಏರಿತ್ತು. ಹೇಳುವಾಗ ಅವರ ದನಿ ಮೆತ್ತಗಾಯಿತು. ಅಕ್ಕ ಮಾತ್ರ ಹೆದರಲಿಲ್ಲ. ನನ್ನ ಕಡೆ ತಿರುಗಿ, "ನಾನು ಸುಳ್ಳು ಹೇಳ್ತಿರ್ಲಿಲ್ಲ ಕಣೆ" ಎಂದಳು.

ಹನ್ನೆರಡು ದಿನ ಸೂಜಿಮದ್ದು ನಡೆದು ಜ್ವರ ಬಿಟ್ಟಿದೆ. ಬಲಗಡೆಯ ಮೂತ್ರಪಿಂಡ ಪೂರ್ತಿ ಸರಿಹೋಗುವ ಭರವಸೆಯನ್ನು ಡಾಕ್ಟರು ಕೊಟ್ಟಿಲ್ಲ.

ತನಿಖೆಯಾಗುತ್ತದೆಂಬ ಉತ್ತರ ನನಗೆ ಬೇಡ. ಜೂನ್‌ನಿಂದ "ದೋಷವಿಲ್ಲ" ಎಂದು ನೀವು ಮನೆಗೆ ಕಳಿಸಿದ ಪ್ರತಿಯೊಬ್ಬ ಹೆಂಗಸನ್ನೂ ವಾಪಸ್ ಕರೆಸಿ, ಈ ಸಲ ಬಿರಡೆ ತೆಗೆದು ನೋಡಿ. ಅವರಲ್ಲಿ ಎಷ್ಟು ಮಂದಿ ಈಗ ಬಾಯಿಮುಚ್ಚಿಕೊಂಡು ನೋವು ತಿನ್ನುತ್ತಿದ್ದಾರೋ, ನನಗಂತೂ ತಿಳಿಯದು. ತಮಗೆ ತಿಳಿದಿದೆಯೇ?

ಇಂತಿ,
ಒಡಹುಟ್ಟಿದವಳ ಮಾತು ಬಿಟ್ಟು ತಮ್ಮ ಚೀಟಿಯನ್ನು ನಂಬಿದ
ಲಕ್ಷ್ಮಮ್ಮ, ಉಪಾಧ್ಯಾಯಿನಿ
ಜಯನಗರ