ಗಚ್ಚಿ ಮ್ಯಾಲಿನ ಬಿಸಲು

ಬಿಬವೇವಾಡಿ, ಪುಣೆ
೧೮ ಏಪ್ರಿಲ್ ೨೦೦೭, ಬುಧವಾರ

ಪ್ರೀತಿಯ ಶಿವಬಸವ್ವ,

ಹೀಂಗ ಬರದದ್ದು ನೋಡಿ ನಿನಗ ನಗು ಬರಬಹುದು. ಮದುವಿ ಆಗಿ ಮೂವತ್ತೊಂದು ವರ್ಷದಾಗ ನಾ ನಿನಗ ಬರದ ಪತ್ರ ಎರಡೋ ಮೂರೋ, ಅವೂ ಗ್ಯಾಸಿನ ಪುಸ್ತಕ ಎಲ್ಲಿ ಇಟ್ಟೀದಿ ಅಂತ ಕೇಳಾಕ ಬರದವು. ಮೊದಲ ಅತ್ತಿಯವರ ಆರೋಗ್ಯ ಹೇಳು. ಸೊಂಟದ ಎಲುಬು ಕೂಡ್ಯದೋ ಇಲ್ಲೋ? ಡಾಕ್ಟರ್ ಮತ್ತೊಮ್ಮೆ ಎಕ್ಸರೇ ತಗಸ್ರಿ ಅಂದಿದ್ರಲ್ಲ, ತಗಸಿದ್ರೇನು? ಗ್ವಾಡಿ ಹಿಡಕೊಂಡು ನಾಕು ಹೆಜ್ಜಿ ಹಾಕತಾರೇನು? ಜಮಖಂಡಿ ಬಿಸಲಂತೂ ಈಗ ಕೇಳೂದ ಬ್ಯಾಡ. ಮಧ್ಯಾಹ್ನ ಅವರನ್ನ ಪಡಸಾಲ್ಯಾಗ ಮಲಗಸು, ಒಳಗಿನ ಖೋಲಿ ಭಾಳ ಕಾಯತದ. ನಿನ್ನ ಮೊಣಕಾಲು ಹೆಂಗದ? ಎಣ್ಣಿ ಹಚ್ಚಿಕೊಳ್ಳಾಕ ನಿನಗ ಪುರಸೊತ್ತ ಇರೂದಿಲ್ಲ, ಗೊತ್ತದ, ಆದ್ರೂ ಹೇಳತೀನಿ. ನಾ ಆರಾಮ ಇದ್ದೀನಿ. ಆರಾಮ ಅಂದ್ರ ಅಷ್ಟ, ಆಫೀಸಿಗೆ ಹೋಗತೀನಿ, ಬರತೀನಿ, ಅನ್ನಕ್ಕ ಇಡತೀನಿ, ತಳ ಹತ್ತಸತೀನಿ. ನೀ ಹೋಗಿ ಎರಡು ತಿಂಗಳಾತು. ನನಗ ಯಾಕೋ ಈ ಸಲ ಭಾಳ ದಣದಂಗ ಆಗ್ಯದ.

ಫೋನ್ ಮಾಡಿದಾಗೆಲ್ಲ ಎಲ್ಲಾ ಚೊಲೊ ಅದ ಅಂತ ಹೇಳಿದೆ. ಗಚ್ಚಿ ವಿಷಯ ಹೇಳಾಕ ಬಾಯಿ ಬರಲಿಲ್ಲ. ನಮ್ಮ ಬಿಲ್ಡಿಂಗಿನ ಗಚ್ಚಿ ಮ್ಯಾಲ ಸೋಲಾರ್ ಹಾಕೂದು ಅಂತ ಮೊನ್ನಿ ರವಿವಾರ ಸೊಸಾಯ್ಟಿ ಮೀಟಿಂಗಿನ್ಯಾಗ ಠರಾವ್ ಆಗ್ಯದ. ಹದಿನೈದೂ ಮನಿಗೆ ನೀರು ಕಾಯಸೂ ದೊಡ್ಡ ದೊಡ್ಡ ಕಾಜಿನ ಪಟ್ಟಿಗೋಳು, ಅವುಕ್ಕ ಟಾಕಿ, ಪೈಪು. ಗಚ್ಚಿ ಪೂರಾ ಹೋಗತದ. ನೀ ಹಪ್ಪಳ, ಸಂಡಗಿ, ಕುರಡಗಿ, ಬಾಳಕದ ಮೆಣಸಿನಕಾಯಿ ಮಾರಾಕ ಒಣಗಸೂ ಜಾಗಾ ಇನ್ನ ಇರೂದಿಲ್ಲ. ಮುಂದಿನ ಸೋಮವಾರ ಕೆಲಸ ಚಾಲೂ. ನನ್ನ ಕಂಪನಿಗೆ ಕೀಲಿ ಬಿದ್ದ ಹದಿನಾಲ್ಕು ತಿಂಗಳು ನಾವು ಉಂಡದ್ದು ಆ ಗಚ್ಚಿ ಮ್ಯಾಲಿಂದ, ಅದನ್ನ ನಾ ಮರತಿಲ್ಲ. ಬರದುಬಿಟ್ಟೆ ನೋಡು. ಈಗ ಕುಂತು ಪೂರಾ ಓದು, ಸಿಟ್ಟಿಗೆ ಆಮ್ಯಾಲ ಏಳು.

ಇದೆಲ್ಲಾ ಶುರು ಆಗಿದ್ದು ಮಾರ್ಚಿನ ಆಣೆಕಲ್ಲ ಮಳಿಯಿಂದ. ನೀ ಹೇಳಿಹೋದಂಗ ಕಾಶವ್ವ, ಸಕ್ಕುಬಾಯಿ ಇಬ್ಬರೂ ನಸುಕಿನ್ಯಾಗ ಕೆಲಸಕ್ಕ ಬಂದು ಹಳೀ ಸೀರಿ ಹಾಸಿ ಕುರಡಗಿ ಹಾಕಿದ್ರು. ಮಧ್ಯಾಹ್ನ ಮೂರಕ್ಕ ಕತ್ತಲಾಗಿ ಹೆಂಗ ಹೊಡೀತು ಅಂದ್ರ, ಸೀರಿ ಎತ್ತೂದರೊಳಗ ಎಲ್ಲಾ ಹಿಟ್ಟಾಗಿ ಹರದು ಪೈಪ್ ಸೇರಿತ್ತು. ಪಾಪ, ಇಬ್ಬರೂ ಮೆಟ್ಟಲ ಮ್ಯಾಲ ಕುಂತು ಅತ್ರು. ಎರಡನೇ ಮಜಲಿನ ಪ್ರಲ್ಹಾದರಾಯರು, ಸಾಲ್ಯಾಗ ಭೂಗೋಳ ಕಲಿಸಿ ರಿಟೈರ್ ಆದವರು, ಮ್ಯಾಲ ಬಂದು ನೋಡಿ, "ಇದು ದೇವರ ಆಟ ಅಲ್ರಿ ರಾಮಲಿಂಗಪ್ಪ, ನಮ್ಮ ಕೈ ಕೆಲಸ" ಅಂದ್ರು. ಅವತ್ತಿನಿಂದ ಅವರಿಗೆ ಬ್ಯಾರೆ ಮಾತ ಇಲ್ಲ. ಪೇಪರ್ ಕತ್ತರಿಸಿ ನೋಟೀಸ್ ಬೋರ್ಡಿಗೆ ಹಚ್ಚತಾರ. ಜಗತ್ತಿನ ವಿಜ್ಞಾನಿಗಳೆಲ್ಲ ಕೂಡಿ ಈ ವರ್ಷ ವರದಿ ಕೊಟ್ಟಾರಂತ, ಕಾವು ಏರಾಕ ಮನಶಾನ ಕಾರಣ ಅಂತ. ಕಲ್ಲಿದ್ದಲಿ ಸುಟ್ಟು ಕರೆಂಟ್, ಆ ಕರೆಂಟಿಲೆ ನಮ್ಮ ಹದಿನೈದು ಗೀಜರ್, ಆ ಹೊಗಿ ಮ್ಯಾಲ ಹೋಗಿ ಭೂಮಿಗೆ ಕಂಬಳಿ ಹೊಚ್ಚಿದಂಗ ಆಗತದಂತ. ಖರೆ ಹೇಳತೀನಿ, ನಾ ಅವರ ಮಾತು ನಂಬತೀನಿ. ನಾವು ಈ ಊರಿಗೆ ಬಂದಾಗ ಮೇ ತಿಂಗಳಿನ್ಯಾಗೂ ಚಾದರ ಹೊಚ್ಚಿಕೊಂಡು ಮಲಗತಿದ್ದಿವಲ್ಲ, ಫ್ಯಾನ್ ಯಾಕ ಬೇಕು ಅಂತ ನೀನ ನನ್ನ ಜೋಡಿ ಜಗಳಾ ತಗದಿದ್ದಿ. ಈಗ ಫ್ಯಾನಿನ ಗಾಳೀನೂ ಬಿಸಿ. ಆದ್ರ ಯಾರ ಮ್ಯಾಲ ತಪ್ಪ ಹೊರಸೂದು? ಇಪ್ಪತ್ತು ವರ್ಷ ಸ್ಕೂಟರ್ ಹೊಡದಾವ ನಾನೂ ಇದ್ದೀನಿ.

ಪ್ರಲ್ಹಾದರಾಯರಿಗೆ ಎದುರಾಗಿ ನಿಂತಾವ ಕೃಷ್ಣಾಜಿ, ಕೆಳಗ ಟೈಲ್ಸ್ ಅಂಗಡಿ ಇಟ್ಟಾನಲ್ಲ, ಆತ. ಅವನ ಬಾಯಿ ನಿನಗ ಗೊತ್ತ ಅದ. "ಎಪ್ಪತ್ತೆರಡರ ಬರ ಬಿತ್ತಲ್ಲ, ಅವಾಗ ಯಾರ ಮನ್ಯಾಗ ಗೀಜರ್ ಇತ್ತ್ರಿ?" ಅಂತಾನ. ಸೂರ್ಯಾ ತನಗ ಬೇಕಾದಂಗ ಕಾಯತಾನ, ಆರತಾನ, ಇದರಾಗ ಮನಶಾಂದು ಏನೂ ಇಲ್ಲ ಅಂತ. ಅಮೇರಿಕಾದವರು ಮೊದಲ ತಮ್ಮ ಕಾರ್ ನಿಲ್ಲಸಲಿ, ಆಮ್ಯಾಲ ನಾ ನನ್ನ ಗೀಜರ್ ಆರಸತೀನಿ ಅಂತ. ಈ ಕಡೇ ಮಾತಿಗೆ ನಾನೂ ಒಳಗ ಹೌದ ಅಂದೆ, ಸುಳ್ಳ ಯಾಕ ಹೇಳಲಿ. ಆದ್ರ ನನ್ನ ಕಷ್ಟ ನೋಡು, ನಿನ್ನ ಗಚ್ಚಿ ಉಳಿಬೇಕಂದ್ರ ನಾ ಹೋಗಿ ಕೃಷ್ಣಾಜಿ ಬಾಜೂಕ ಕುಂದರಬೇಕು. ಖರೆ ಅನಸೂ ಮಾತು ಒಂದು ಕಡೆ, ನಿನ್ನ ಅನ್ನ ಇನ್ನೊಂದು ಕಡೆ. ಒಂದು ತಿಂಗಳಿಂದ ಈ ಇಬ್ಬರೂ ಮೆಟ್ಟಲ ಮ್ಯಾಲ, ಗೇಟಿನ್ಯಾಗ, ಹಾಲಿನ ಅಂಗಡ್ಯಾಗ ನನ್ನ ಹಿಡದು ನಿಲ್ಲಿಸಿ ವಾದ ಮಾಡ್ಯಾರ. ನನ್ನಂಥ ಸೊಸಾಯ್ಟಿ ಸೆಕ್ರೆಟರಿ ಅಂದ್ರ ಎಲ್ಲಾರ ಮಾತೂ ಸುರೂವೂ ಡಬ್ಬಿ ಇದ್ದಂಗ.

ರವಿವಾರ ಪಾರ್ಕಿಂಗಿನ್ಯಾಗ ಖುರ್ಚಿ ಹಾಕಿ ಎರಡೂವರಿ ತಾಸು ಮೀಟಿಂಗ್. ಎಲ್ಲಾ ಮರಾಠಿಯೊಳಗ, ಎಲ್ಲಾರೂ ಒಮ್ಮೆಲೆ. ನಾ ಬರಕೊಂಡು ಬರಕೊಂಡು ಕೈ ಸೋತಿತ್ತು. ಕಡೀಕ ಕೃಷ್ಣಾಜಿ ನನ್ನ ಕಡೆ ತಿರುಗಿ, ಬೇಕಂತ ಕನ್ನಡದಾಗ ಕೇಳಿ ಮತ್ತ ಮರಾಠಿಯೊಳಗ ಎಲ್ಲಾರಿಗೂ ಕೇಳೂವಂಗ ಅಂದ, "ಸೆಕ್ರೆಟರಿ ಸಾಹೇಬ್ರ, ಇನ್ನ ನಿಮ್ಮ ಮನಿಯವ್ರ ಹಪ್ಪಳಾ ಎಲ್ಲಿ ಒಣಗತಾವ್ರಿ?" ಎಲ್ಲಾರೂ ನಕ್ರು. ನಾ ಏನೋ ಒಂದು ಉತ್ತರ ಕೊಟ್ಟೆ. ಆಮ್ಯಾಲ ಕೈ ಎತ್ತಿಸಿದ್ರು, ಠರಾವ್ ಪಾಸಾತು, ಚಹಾ ಬಂತು.

ಮರುದಿವಸ ಆಫೀಸಿಗೆ ರಜಾ ಹಾಕಿ ಟೇಪ್ ಹಿಡಕೊಂಡು ಗಚ್ಚಿಗೆ ಹೋದೆ. ಮೂಲ್ಯಾಗ ಮೂರು ಸೀರಿ ಹಾಸೂವಷ್ಟು ಜಾಗಾ ಉಳೀತದ, ಆದ್ರ ಅಲ್ಲಿ ನೀರಿನ ಟಾಕಿ ನೆರಳು ಮಧ್ಯಾಹ್ನ ಎರಡರತನಕ ಸರಿಯೂದಿಲ್ಲ. ನಾ ಅಲ್ಲೇ ನಿಂತು ಮೂರು ಸಲ ಅಳದೆ, ಅಳದ್ರ ಬಿಸಲು ಬರತದೇನು? ಪ್ರಲ್ಹಾದರಾಯರು ಮ್ಯಾಲ ಬಂದ್ರು, ನನ್ನ ಮಾರಿ ನೋಡಿ ಅವರಿಗೂ ಕೆಟ್ಟ ಅನಸಿತು. ಕರೆಂಟಿಲೆ ಒಣಗಸೂ ಮಶೀನ್ ಬಂದಾವ, ಒಂದು ತಗೋರಿ ಅಂದ್ರು. ಅಂದು, ತಮ್ಮ ಮಾತು ತಾವ ಕೇಳಿ, ಇಳದು ಹೋದ್ರು. ಅವಾಗ ನನಗ ಹೊಳೀತು. ಈ ಬಿಲ್ಡಿಂಗಿನ್ಯಾಗ ಹದಿನೆಂಟು ವರ್ಷದಿಂದ ಒಂದು ಚೂರೂ ಕರೆಂಟ್ ಸುಡಲಾರದ ಬಿಸಲಿನ ಮ್ಯಾಲ ಉದ್ಯೋಗ ಮಾಡಿದಾಕಿ ನೀ ಒಬ್ಬಾಕಿ. ಇಷ್ಟ ಮಾತು ಮೀಟಿಂಗಿನ್ಯಾಗ ಯಾರೂ ಆಡಲಿಲ್ಲ. ಪ್ರಲ್ಹಾದರಾಯರು ಆಡಲಿಲ್ಲ, ನನಗೂ ನೆನಪಾಗಲಿಲ್ಲ. ಧನಕವಡಿಯೊಳಗ ಒಬ್ಬರ ಮನಿ ಮಾಳಗಿ ಬಾಡಗಿಗೆ ಸಿಗತದೇನು ಅಂತ ಕೇಳೀನಿ. ಅವರು ಇನ್ನೂ ಏನೂ ಹೇಳಿಲ್ಲ.

ಸಾಕು, ಕಣ್ಣು ಉರೀತಾವ. ಅತ್ತಿಯವರ ಪಾದಕ್ಕ ನನ್ನ ಶರಣು ಹೇಳು. ಓಣ್ಯಾಗ ನನ್ನ ಕೇಳಿದವರಿಗೆಲ್ಲ ನೆನಸ್ಯಾನ ಅಂತ ಹೇಳು. ಬಸವ ಜಯಂತಿಗೆ ಹೋಳಗಿ ಮಾಡಿದ್ರ ಅತ್ತಿಯವರಿಗೆ ಮೆತ್ತಗ ಹಿಸುಕಿ ಹಾಲಿನ್ಯಾಗ ಕೊಡು. ನೀನೂ ಕುಂತು ಉಣ್ಣು, ನಿಂತಕೊಂಡ ತಿನಬ್ಯಾಡ. ದೇವರು ನಿನ್ನ ಕೈಕಾಲು ಗಟ್ಟಿ ಇಡಲಿ.

ನಿನ್ನ ದಾರಿ ನೋಡಕೋತ,
ರಾಮಲಿಂಗಪ್ಪ

ತಾ.ಕ.: ಪಾಕೀಟಿಗೆ ಗೋಂದು ಹಚ್ಚಿ ಮತ್ತ ಬಿಚ್ಚೀನಿ. ಠರಾವ್ ಪಾಸಾತು ಅಂತ ಬರದೆ, ಹೆಂಗ ಪಾಸಾತು ಅಂತ ಬರೀಲಿಲ್ಲ. ಏಳು ಕೈ ಬೇಕು ಅಂದ್ವು, ಏಳು ಕೈ ಬ್ಯಾಡ ಅಂದ್ವು. ಹದಿನೈದನೇ ಕೈ ನಂದು. ಬೇಕು ಅಂತ ಎತ್ತಿದೆ. ಅದು ತಪ್ಪಂತ ನನಗ ಇವತ್ತೂ ಅನಸೂದಿಲ್ಲ. ತಪ್ಪಾದದ್ದು ಅದಕ್ಕೂ ಮೊದಲ. ಕೃಷ್ಣಾಜಿ ಕೇಳಿದ್ದಕ್ಕ, ಹೆಂಡತಿ ಸಲುವಾಗಿ ಮಾತಾಡತಾನ ಅಂದಾರು ಅಂತ ನಾಚಿ, ನಾನೂ ನಕ್ಕೋತ ಅಂದೆ: "ಅದೇನ ಉದ್ಯೋಗ ಅಲ್ರಿ, ಮನ್ಯಾಗ ಕುಂತು ಬ್ಯಾಸರಾಗತದಂತ ಆಕಿ ಏನೋ ಮಾಡಕೋತ ಇರತಾಳ." ಕಾಶವ್ವ ಮೆಟ್ಟಲ ಹತ್ರ ಹಿಟ್ಟಿನ ಬುಟ್ಟಿ ಹಿಡಕೊಂಡು ನಿಂತಿದ್ದಳು. ಅವತ್ತಿನಿಂದ ನನ್ನ ಜೋಡಿ ಮಾತಾಡಿಲ್ಲ. ನಾಳೆ ಊರಿಗೆ ಹೊಂಟಾಳ, ಹಾದ್ಯಾಗ ಜಮಖಂಡಿಯೊಳಗ ಇಳದು ನಿನ್ನ ಕಂಡು ಹೋಗತಾಳಂತ. ಈ ಪತ್ರ ಆಕಿ ಕೈಯಾಗ ಕೊಡತೀನಿ. ಆಕಿ ಏನ ಹೇಳಿದ್ರೂ ಖರೆ ಅದ.