ಹೊಸ ಲ್ಯಾಪ್‌ಟಾಪ್ ಈಗಲೇ ಕಳಿಸಬೇಡ

ಭಾನುವಾರ, ಮಧ್ಯಾಹ್ನ

ಅಕ್ಕಾ,

ಅಮ್ಮನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ. ಕಳೆದ ಚಳಿಗಾಲದಿಂದಲೂ ಇದು ನನಗೆ ಗೊತ್ತಿತ್ತು, ನಿನಗೆ ಹೇಳದೆ ಮುಚ್ಚಿಟ್ಟೆ. ಎರಡೂ ಕಣ್ಣು ಮಂಜು ಮಂಜು, ಎಡಗಣ್ಣು ಸ್ವಲ್ಪ ಜಾಸ್ತಿ ಅನ್ನುತ್ತಾಳೆ. ಕನ್ನಡಕದ ಅಂಗಡಿಯವರು ನೋಡಿ, ಇದು ಗಾಜು ಬದಲಾಯಿಸಿದರೆ ಹೋಗುವಂಥದ್ದಲ್ಲ, ದೊಡ್ಡ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಅಮ್ಮ ಒಪ್ಪಲಿಲ್ಲ. ನಾನೂ ಸುಮ್ಮನಾದೆ.

ಇದನ್ನು ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ಇರುವುದು ಎರಡು ಕೋಣೆ, ಅಮ್ಮನ ಕಿವಿ ಮಾತ್ರ ಗಟ್ಟಿಮುಟ್ಟಾಗಿದೆ. ಮೇಲಾಗಿ ಫೋನಿನಲ್ಲಿ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ. ಆದ್ದರಿಂದ ಪತ್ರ. ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ಬೈ.

ನೀನು ಆರಿಸಿಟ್ಟಿರುವ ಹೊಸ ಲ್ಯಾಪ್‌ಟಾಪಿನ ಫೋಟೊ ನನ್ನ ಫೋನಿನಲ್ಲೇ ಇದೆ. ಆರ್ಡರ್ ಹಾಕಲಾ ಎಂದು ನೀನು ಕೇಳುತ್ತಲೇ ಇದ್ದೀಯ, ನಾನು ಜಾರಿಕೊಳ್ಳುತ್ತಲೇ ಇದ್ದೇನೆ. ಹಳೆಯದಕ್ಕೆ ದುಡ್ಡು ಸುರಿಯುವುದು ದಂಡ ಎಂದು ಭಾವ ಹೇಳಿದ್ದು ಸುಳ್ಳಲ್ಲ. ಅದನ್ನು ಆನ್ ಮಾಡಿ ಅನ್ನಕ್ಕಿಟ್ಟು ಬಂದರೂ ಪರದೆಯ ಮೇಲಿನ ಚಕ್ರ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಆದರೂ ಅಮ್ಮ, ‘ಹೊಸದು ಬೇಡ, ಇದಕ್ಕೇ ಏನಾದ್ರೂ ಹಾಕಿಸು’ ಎಂದು ಹಟ ಹಿಡಿದಳು. ಅವಳು ಜಿಪುಣಿ ಎಂದು ನೀನು ನಕ್ಕೆ. ನಾನೂ ನಿನ್ನ ಜೊತೆ ನಕ್ಕೆ. ನಿಜವಾದ ಕಾರಣ ಬೇರೆ ಇತ್ತು.

ಎಂಬ್ರಾಯ್ಡರಿ ಮಿಷನ್ ತಂದ ವರ್ಷ, ಡಿಸೈನುಗಳ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಜೋಡಿಸಿಕೊಟ್ಟವಳು ನೀನೇ. ಮೇಲಿನ ಸಾಲಿನಲ್ಲಿ ಬೇಕರಿ, ಲಾಂಡ್ರಿ, ಟ್ಯಾಕ್ಸಿ ಕಂಪನಿ. ಅದರ ಕೆಳಗೆ ಆಸ್ಪತ್ರೆ, ಹೋಟೆಲು. ಅಮ್ಮನಿಗೆ ಆ ಜಾಗಗಳೆಲ್ಲ ಬಾಯಿಪಾಠ. ಬಾಣದ ಗುರುತಿನ ಕೀ ಎಷ್ಟು ಸಲ ಒತ್ತಿದರೆ ಯಾವ ಲೋಗೋ ಬರುತ್ತದೆ ಎಂದು ಬೆರಳಿಗೆ ಗೊತ್ತು. ಒತ್ತುತ್ತಾಳೆ, ಮಿಷನ್‌ಗೆ ಕಳಿಸುತ್ತಾಳೆ, ಕೋಟಿನ ಜೇಬಿನ ಮೇಲೆ ಹೊಲಿಗೆ ಶುರುವಾಗುತ್ತದೆ. ಪರದೆಯನ್ನು ನೋಡುವ ಹಾಗೆ ಮುಖ ಹಿಡಿದಿರುತ್ತಾಳೆ, ಅಷ್ಟೆ. ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದ ನನಗೂ ತಿಂಗಳುಗಟ್ಟಲೆ ತಿಳಿಯಲಿಲ್ಲ. ಸೂಜಿಗೆ ದಾರ ಪೋಣಿಸಲು ಕರೆಯುತ್ತಿದ್ದಳು. ಸ್ಕೂಲು ಬಿಟ್ಟವಳಿಗೆ ಇದಾದರೂ ಕೆಲಸ ಇರಲಿ ಎಂದು ಚುಚ್ಚುತ್ತಿದ್ದಳು. ನಾನು ಆ ಚುಚ್ಚುಮಾತಿಗೆ ಉರಿದುಕೊಂಡೆನೇ ಹೊರತು, ಯಾಕೆ ಕರೆಯುತ್ತಾಳೆ ಎಂದು ಯೋಚಿಸಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ದಿನ ಸೈಕಲ್ ಪಂಚರ್ ಆಗಿ ಬೇಗ ಮನೆಗೆ ಬಂದೆ. ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಿದ್ದೆ. ಅಮ್ಮ ತಲೆಯೆತ್ತಿ ನೇರವಾಗಿ ನನ್ನ ಮುಖವನ್ನೇ ನೋಡಿ, ‘ಬನ್ನಿ, ಯಾರು? ಬಟ್ಟೆ ತಗೊಂಡು ಹೋಗೋಕೆ ಬಂದ್ರಾ?’ ಅಂದಳು. ತಮಾಷೆ ಎಂದುಕೊಂಡು ನಾನು ದನಿ ಬದಲಾಯಿಸಿ ‘ಹೂಂ’ ಅಂದೆ. ‘ಕೂತ್ಕೊಳ್ಳಿ, ನಮ್ಮ ಹುಡುಗಿ ಈಗ ಬರ್ತಾಳೆ’ ಎಂದು ಕುರ್ಚಿ ಸರಿಸಿಕೊಟ್ಟಳು. ಅಕ್ಕಾ, ಆ ಕುರ್ಚಿಯ ಮೇಲೆ ನಾನು ಕೂತೆ.

ನಿನಗೆ ಹೇಳಬಾರದು ಎಂದು ಅವತ್ತೇ ನನ್ನಿಂದ ಮಾತು ತೆಗೆದುಕೊಂಡಳು. ‘ಅವಳಿಗೆ ಗೊತ್ತಾದ್ರೆ ಮಾರನೇ ದಿನವೇ ಬಂದು ನಿಲ್ತಾಳೆ. ಮಿಷನ್ ಮಾರಿಸ್ತಾಳೆ. ನನ್ನ ಕರ್ಕೊಂಡು ಹೋಗಿ ಬಾಲ್ಕನೀಲಿ ಕೂರಿಸಿ, ಹೊತ್ತು ಹೊತ್ತಿಗೆ ಊಟ ಹಾಕ್ತಾಳೆ’ ಅಂದಳು. ಆಸ್ಪತ್ರೆಗಾದರೂ ಹೋಗೋಣ ಅಂದರೆ, ‘ಏನು ಅಂತ ಗೊತ್ತಾಗೋವರೆಗೂ ನಾನು ಕೆಲಸದವಳು ಕಣೆ. ಗೊತ್ತಾದ ಮೇಲೆ ರೋಗಿ’ ಅಂದಳು.

ಈ ವಾರ ಹಳೆಯ ಲ್ಯಾಪ್‌ಟಾಪನ್ನು ರಿಪೇರಿಯವನ ಹತ್ತಿರ ಒಯ್ದೆ. ಹೊಸ ಡಿಸ್ಕ್, ಹೆಚ್ಚಿನ ರ‍್ಯಾಮ್ ಹಾಕಿ, ಒಳಗಿನ ಸಿಸ್ಟಮನ್ನೂ ಹೊಸದು ಮಾಡಿಕೊಟ್ಟ. ‘ಅಜ್ಜಿಗೆ ಈಗ ಹರೆಯ ಬಂದಿದೆ, ಓಡಿಸ್ಕೊಳ್ಳಿ’ ಅಂದ. ನಿಜಕ್ಕೂ ರೆಪ್ಪೆ ಬಡಿಯುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು. ಹೊಸದರ ಖರ್ಚು ಉಳಿಸಿದೆ ಎಂದು ಬೀಗಿಕೊಂಡು ತಂದಿಟ್ಟು, ಡೆಲಿವರಿಗೆ ಹೊರಟುಹೋದೆ. ಡಿಸೈನುಗಳು ಒಂದೂ ಕಳೆದಿರಲಿಲ್ಲ. ಆದರೆ ಹೊಸ ಸಿಸ್ಟಮ್ ಅವನ್ನು ತನಗೆ ಬೇಕಾದಂತೆ ಜೋಡಿಸಿಕೊಂಡಿತ್ತು. ಅದನ್ನು ನಾನು ನೋಡಲಿಲ್ಲ.

ಸಂಜೆ ಬಂದಾಗ ಮಕ್ಕಳ ಆಸ್ಪತ್ರೆಯ ಬಿಳಿ ಕೋಟುಗಳು ಮಡಿಚಿ ಪೇರಿಸಿದ್ದವು. ಮೇಲಿನದನ್ನು ಎತ್ತಿ ನೋಡಿದೆ. ಡಾಕ್ಟರ ಜೇಬಿನ ಮೇಲೆ ಬೇಕರಿಯ ಕೇಕು. ಅದೂ ಆಸ್ಪತ್ರೆಯ ನೀಲಿ, ಹಸಿರು ದಾರದಲ್ಲಿ. ಎರಡೂ ಲೋಗೋ ದುಂಡಗೆ ಒಂದೇ ಅಳತೆ, ಅವಳ ಬೆರಳಿಗೆ ಅನುಮಾನ ಬಂದಿಲ್ಲ. ‘ಹೆಂಗೆ ಬಂದಿದೆ?’ ಎಂದು ಕೇಳಿದಳು. ಚೆನ್ನಾಗಿದೆ ಅನ್ನಬಹುದಿತ್ತು. ‘ಅಮ್ಮ, ಇದು ಬೇಕರೀದು’ ಅಂದೆ.

ಅವಳು ಕೋಟನ್ನು ಮಡಿಲಿಗೆ ಎಳೆದುಕೊಂಡು, ಹೊಲಿಗೆ ಬಿಚ್ಚುವ ಕತ್ತಿ ತೆಗೆದುಕೊಂಡಳು. ನಾನು ಬಿಚ್ಚುತ್ತೇನೆ ಕೊಡು ಅಂದರೆ ಕೈ ತಳ್ಳಿದಳು. ದಾರದ ಬದಲು ಬಟ್ಟೆಯೇ ಹರಿಯಿತು. ಇನ್ನೊಂದು ತೆಗೆದುಕೊಂಡಳು. ಅದೂ ಹರಿಯಿತು. ಮೂರನೆಯದಕ್ಕೆ ಕೈ ಹಾಕಿದಾಗ ಕತ್ತಿ ಕಿತ್ತುಕೊಂಡೆ. ಅಮ್ಮನ ಕೈಯಿಂದ ಯಾವತ್ತೂ ಏನನ್ನೂ ಹಾಗೆ ಕಿತ್ತುಕೊಂಡಿರಲಿಲ್ಲ.

ಮರುದಿನ ಕೋಟುಗಳನ್ನು ಹೊತ್ತುಕೊಂಡು ಆಸ್ಪತ್ರೆಯ ಸ್ಟೋರಿನ ಮೇಡಂ ಮುಂದೆ ನಿಂತೆ. ಮಿಷನ್ ಕೆಟ್ಟಿತ್ತು ಎಂದು ಹೇಳಲು ಅಮ್ಮ ಕಲಿಸಿ ಕಳಿಸಿದ್ದಳು. ಅವರು ಯಾಕೆ ಹೀಗಾಯಿತು ಎಂದು ಕೇಳಿದಾಗ, ‘ನಮ್ಮಮ್ಮನಿಗೆ ಕಣ್ಣು ಕಾಣ್ತಿಲ್ಲ’ ಎಂದುಬಿಟ್ಟೆ. ಹರಿದ ಕೋಟುಗಳನ್ನು ಪಕ್ಕಕ್ಕಿಟ್ಟು, ಉಳಿದವನ್ನು ಸರಿಮಾಡಿ ಕೊಡಿ, ಮುಂದಿನ ಆರ್ಡರ್ ಆಮೇಲೆ ನೋಡೋಣ ಅಂದರು. ಆ ‘ನೋಡೋಣ’ ಏನು ಎಂದು ನಿನಗೂ ಗೊತ್ತು. ನಮ್ಮ ಮನೆ ನಡೆಯುವುದೇ ಆ ಆಸ್ಪತ್ರೆಯ ಕೋಟಿನಿಂದ.

ಅಮ್ಮನಿಗೆ ಬಂದು ಹೇಳಿದೆ. ‘ಊರಿಗೆಲ್ಲ ಡಂಗುರ ಹೊಡೆದು ಬಂದ್ಯಾ? ಸ್ಕೂಲಲ್ಲೂ ಹಿಂಗೇ ಬಾಯಿ ಬಿಟ್ಟೇ ಹೊರಗೆ ಬಂದೋಳು ನೀನು’ ಅಂದಳು. ಸುಳ್ಳಲ್ಲ. ಆಮೇಲೆ ಎರಡು ದಿನ ಮಾತು ಬಿಟ್ಟಳು. ತಟ್ಟೆ ಮುಂದಿಟ್ಟರೆ ಉಣ್ಣುತ್ತಾಳೆ, ಗೋಡೆ ಕಡೆ ತಿರುಗಿಕೊಳ್ಳುತ್ತಾಳೆ. ಬೇರೆಯವರಿಗೆ ಹೇಳಿದ ಮೇಲೆ ನಿನ್ನಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೊಟ್ಟ ಮಾತು ಮುರಿದು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಹೊಸ ಲ್ಯಾಪ್‌ಟಾಪ್ ಈಗಲೇ ಕಳಿಸಬೇಡ. ಚಿತ್ರಗಳನ್ನೆಲ್ಲ ಮತ್ತೆ ಮೊದಲಿನ ಜಾಗದಲ್ಲೇ ಕೂರಿಸಿದ್ದೇನೆ. ಡಾಕ್ಟರು ನೋಡಲಿ. ಕಣ್ಣು ಬರುತ್ತದೆ ಅಂದರೆ ದೊಡ್ಡ ಪರದೆಯ ಹೊಸದನ್ನೇ ತರೋಣ, ನಾನೇ ಬಂದು ನಿನ್ನ ಜೊತೆ ಆರಿಸುತ್ತೇನೆ. ಬರುವುದಿಲ್ಲ ಅಂದರೆ ಹಳೆಯದೇ ಇರಲಿ, ಅದರ ಒಂದು ಕೀಯನ್ನೂ ಯಾರೂ ಮುಟ್ಟಬಾರದು. ಹೊಲಿಗೆ ಶುರುವಾಗುವ ಮೊದಲು ಡಿಸೈನ್ ನೋಡಿ ಹೇಳಲು ನಾನು ಪಕ್ಕದಲ್ಲಿ ಕೂರುತ್ತೇನೆ. ಒಂದು ಕಡೆ ಕೂರುವವಳಲ್ಲ ನಾನು ಎಂದು ನೀನು ನಗುತ್ತೀಯ. ನಗು. ಆದರೆ ಮಿಷನ್ ಮಾರುವ ಮಾತು ಎತ್ತಬೇಡ. ಎತ್ತಿದರೆ ಅಮ್ಮನ ಪರ ನಿಲ್ಲುತ್ತೇನೆ. ನಿನ್ನ ಮೇಲೆ ಎಷ್ಟೇ ಪ್ರೀತಿ ಇದ್ದರೂ.

ಭಾವನಿಗೆ ನೀನೇ ಹೇಳು. ನನ್ನ ಮೇಲಿನ ಸಿಟ್ಟನ್ನು ಅಮ್ಮನ ಮೇಲೆ ತೋರಿಸಬೇಡ.

ಮಾತು ಉಳಿಸಿಕೊಳ್ಳದ ನಿನ್ನ ತಂಗಿ,
ಬುಗುರಿ

ಮರೆತದ್ದು: ಕದ್ದು ಕಳಿಸುವುದು ಬೇಡ ಅನಿಸಿತು, ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಗೋಡೆ ಕಡೆ ತಿರುಗಿಯೇ ಕೇಳಿಸಿಕೊಂಡಳು. ಮುಗಿದ ಮೇಲೆ, ಶುರುವಿನಲ್ಲೇ ಒಂದು ತಪ್ಪಿದೆ ಅಂದಳು. ಎಡಗಣ್ಣು ಮಂಜಲ್ಲವಂತೆ. ಅದರಲ್ಲಿ ಏನೂ ಇಲ್ಲ, ಬೆಳಕೂ ಇಲ್ಲ, ತುಂಬ ದಿನವಾಯಿತಂತೆ. ನನಗೂ ಹೇಳಿರಲಿಲ್ಲ. ‘ಹೆಂಗೂ ಡಾಕ್ಟರ ಮುಂದೆ ಬಾಯಿ ಬಿಡ್ತೀಯಲ್ಲ, ಸರಿಯಾಗೇ ಹೇಳು’ ಅಂದಳು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಕಣ್ಣಿನ ಆಸ್ಪತ್ರೆಗೆ ಹೊರಡುತ್ತಿದ್ದೇವೆ.