ಅರವತ್ತನಾಲ್ಕು ಪದರ

ಅಪ್ಪನ ವರ್ಕ್‌ಶಾಪಿನಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೋದ ಪತ್ರದಲ್ಲಿ ಬರೆದಿದ್ದ ಬೆನ್ನುನೋವು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಈಗಲೂ ಮಿಷನ್ ಮುಂದೆ ನಿಂತರೆ ಹಸಿವೇ ಮರೆಯುತ್ತದೆಯೋ? ಅಪ್ಪನ ಕೈನಡುಕ ಹೆಚ್ಚಾಗಿದೆ, ಮೂಗಿನ ತುದಿಯ ಕೋಪ ಮಾತ್ರ ಹಾಗೇ ಇದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಇವತ್ತು ರಜೆ. ತಗಡು ಒತ್ತುವ ರೋಲರ್ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಕಡೆ ನಾನು ತಗಡು ತೂರಿಸುವುದು, ಆ ಕಡೆ ನೀನು ಹಿಡಿದುಕೊಳ್ಳುವುದು, ಎಲ್ಲ ನೆನಪಾಗಿ ಸಂಕಟವಾಗುತ್ತದೆ. ತಾಮ್ರ, ಉಕ್ಕು ಎರಡನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ಒಂದರ ಮೇಲೊಂದಿಟ್ಟು ಒತ್ತಿ ಬೆಸೆಯುತ್ತಿದ್ದೆವು. ಅದನ್ನೇ ಕತ್ತರಿಸಿ, ಪೇರಿಸಿ, ಮತ್ತೆ ಒತ್ತುತ್ತಿದ್ದೆವು. ಎಂಟು ಪದರಕ್ಕೆ ಅಪ್ಪ ಸಾಕೆನ್ನುತ್ತಿದ್ದರು. ನಿನಗೆ ಅಷ್ಟೇ ದಪ್ಪದೊಳಗೆ ಅರವತ್ತನಾಲ್ಕು ಬೇಕಿತ್ತು. "ದಪ್ಪ ಪದರದಲ್ಲಿ ಲೋಹಕ್ಕೆ ಒಳಗೊಳಗೇ ಜಾರೋಕೆ ಜಾಗ ಇರುತ್ತೆ ಅಕ್ಕಾ, ತೆಳುವಾದ್ರೆ ಹೆಜ್ಜೆಗೊಂದು ತಡೆ, ತಗಡು ಗಟ್ಟಿಯಾಗುತ್ತೆ" ಎಂದು ನೀನು ವಿವರಿಸುವಾಗ ನಾನು ಆಕಳಿಸುತ್ತಿದ್ದೆ, ಪಾಪಿ!

ಆಮೇಲೆ ಆ ದಿನ. ಎಳೆದು ಪರೀಕ್ಷಿಸುವ ಮಿಷನ್‌ಗೆ ಹಾಕಿದ್ದೇ ತಡ, ನಿನ್ನ ತಗಡು ಪದರ ಪದರವಾಗಿ ಬಿಚ್ಚಿಕೊಂಡಿತು. "ಲೋಹ ಅಂದ್ರೆ ಪುಸ್ತಕದ ಹಾಳೆ ಅಂದ್ಕೊಂಡ್ಯಾ?" ಎಂದು ಅಪ್ಪ ಎಲ್ಲರೆದುರು ಅಂದುಬಿಟ್ಟರು. ಕೈಗವಸು ಬಿಚ್ಚಿಟ್ಟು ಹೋದ ನೀನು ಏಳು ವರ್ಷವಾದರೂ ಈ ಹೊಸ್ತಿಲು ತುಳಿದಿಲ್ಲ.

ಹೋದ ವಾರ ನಿನ್ನ ನೋಟ್‌ಬುಕ್ ತೆಗೆದು, ನೀನು ಬರೆದಂತೆಯೇ ಮಾಡಿ ನೋಡಿದೆ. ಅರವತ್ತನಾಲ್ಕು ಪದರದ್ದು ಅಪ್ಪನ ಎಂಟು ಪದರದ್ದಕ್ಕಿಂತ ಕಾಲುಭಾಗ ಹೆಚ್ಚು ಎಳೆತ ತಡೆಯಿತು! ತುಂಡಾದ ಅಂಚನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಒರೆಸಿ ಒರೆಸಿ ನೋಡಿದರು. "ಅವನು ಹೇಳಿದ್ದೇ ಸರಿ ಕಣೇ. ಮತ್ತೆ ಆವತ್ತು ಯಾಕೆ ಬಿಚ್ಕೊಳ್ತು?" ಎಂದರು. ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಹೋದೆ.

ಮೈ ಕಡೆ ಗಮನವಿರಲಿ. ನೂರು ಕಾಲ ಚೆನ್ನಾಗಿರು ಕಂದಾ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಧೈರ್ಯವಿರಲಿಲ್ಲ. ಆವತ್ತು ನೀನು ಉಜ್ಜಿಟ್ಟ ತಗಡುಗಳನ್ನು ಪೇರಿಸಿದ್ದು ನಾನು, ರೋಲರ್‌ಗೆ ಎಣ್ಣೆ ಬಿಟ್ಟ ಅದೇ ಬರಿಗೈಯಲ್ಲಿ. ಎಣ್ಣೆ ತಾಗಿದರೆ ಬೆಸುಗೆ ಹಿಡಿಯುವುದಿಲ್ಲ. ಬಿಚ್ಚಿದ ಪದರದ ಮೇಲೆ ಕಲೆ ಕಂಡಾಗಲೇ ನನಗೆ ಗೊತ್ತಾಯಿತು. ಅಪ್ಪ ನಿನ್ನನ್ನು ಬೈಯುತ್ತಿದ್ದರು, ನಾನು ಸುಮ್ಮನೆ ನಿಂತಿದ್ದೆ. ನಿನ್ನೆ ಅಪ್ಪನಿಗೆ ಹೇಳಿದೆ. "ಏಳು ವರ್ಷ ಬಾಯಿಗೆ ಏನಾಗಿತ್ತು?" ಎಂದವರು ಮತ್ತೆ ನನ್ನೊಡನೆ ಮಾತಾಡಿಲ್ಲ. ನೀನೂ ಬೈಯಿ, ಎಷ್ಟು ಬೇಕಾದರೂ. ಆದರೆ ಪತ್ರದಲ್ಲಿ ಬೈದರೆ ನಾನು ಒಪ್ಪುವುದಿಲ್ಲ. ಬಂದು ಬೈಯಿ.